ಗ್ರಂಥವೇ ಗುರುವಾದಾಗ

ಬೀದರ್‌ನ ನಾನಕ್ ಝಿರಾ ನೋಡಿ ಬಂದ ನಮ್ಮ ಜಮಾಅತಿನ ಯುವಕನೊಬ್ಬ ಜುಮಾ ನಮಾಝಿನ ಬಳಿಕ ಕೇಳಿದ: "ಹಜರತ್, ಸಿಖ್ಖರು ಪುಸ್ತಕವನ್ನು ಪೂಜಿಸುತ್ತಾರೆಯೇ? ಅದಕ್ಕೆ ಚಾಮರ ಬೀಸುವುದನ್ನು ಕಂಡೆ." ಹಲವರ ಮನಸ್ಸಿನಲ್ಲಿರುವ ಪ್ರಶ್ನೆಯಿದು. ಇನ್ನೊಬ್ಬರ ಧರ್ಮವನ್ನು ಅವರು ವಿವರಿಸುವಂತೆಯೇ ಮೊದಲು ತಿಳಿದುಕೊಳ್ಳುವುದು ನ್ಯಾಯ.

ಐದನೆಯ ಗುರು ಅರ್ಜನ್ ದೇವ್ 1604ರಲ್ಲಿ ಈ ಗ್ರಂಥದ ಮೊದಲ ರೂಪವನ್ನು ಸಂಕಲಿಸಿ ಅಮೃತಸರದ ಹರಿಮಂದಿರದಲ್ಲಿ ಇರಿಸಿದರು. ಅದರಲ್ಲಿ ಗುರುಗಳ ವಾಣಿಯಷ್ಟೇ ಅಲ್ಲ, ಕಬೀರ್, ನಾಮದೇವ, ರವಿದಾಸರ ಪದಗಳಿವೆ. ನಾವು ಗೌರವದಿಂದ ನೆನೆಯುವ ಸೂಫಿ ಶೇಖ್ ಫರೀದರ ಹೆಸರಿನ ಪದ್ಯಗಳೂ ಇವೆ. ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

1708ರಲ್ಲಿ ನಾಂದೇಡಿನಲ್ಲಿ, ಹತ್ತನೆಯ ಗುರು ಗೋವಿಂದ್ ಸಿಂಗ್ ಕೊನೆಯುಸಿರೆಳೆಯುವ ಮುನ್ನ ಇನ್ನು ಮನುಷ್ಯ ಗುರುವಿಲ್ಲ, ಗ್ರಂಥವೇ ಗುರು ಎಂದು ಸಾರಿದರೆಂಬುದು ಸಿಖ್ಖರ ನಂಬಿಕೆ. ಆದ್ದರಿಂದಲೇ 1430 ಪುಟಗಳ ಆ ಗ್ರಂಥಕ್ಕೆ ಜೀವಂತ ಗುರುವಿಗೆ ಸಲ್ಲುವ ಮರ್ಯಾದೆ. ಮುಂಜಾನೆ ಪೀಠದ ಮೇಲೆ ತೆರೆಯುತ್ತಾರೆ, ರಾತ್ರಿ ಬಟ್ಟೆಯಲ್ಲಿ ಸುತ್ತಿ ವಿಶ್ರಾಂತಿಗೆ ಒಯ್ಯುತ್ತಾರೆ. ಹಿಂದೆ ಅರಸರಿಗೆ ಬೀಸುತ್ತಿದ್ದ ಚಾಮರವನ್ನು ಇಲ್ಲಿ ಬೀಸುವುದೂ ಇದೇ ಕಾರಣಕ್ಕೆ. ನಾವು ತಲೆಬಾಗುವುದು ಕಾಗದಕ್ಕಲ್ಲ, ಅದರೊಳಗಿನ ಶಬ್ದಕ್ಕೆ ಎನ್ನುತ್ತಾರೆ ಅವರು.

ಆದರೆ ಗುರುವೆಂದರೆ ಮರ್ಯಾದೆ ಪಡೆದು ಸುಮ್ಮನಿರುವವನಲ್ಲ, ದಾರಿ ಹೇಳುವವನು. ಅದಕ್ಕೆಂದೇ 'ಹುಕಮ್' ಎಂಬ ಕ್ರಮವಿದೆ. ಈ ಪದ ನಮಗೂ ಪರಿಚಿತ. ಪ್ರಾರ್ಥನೆಯ ನಂತರ ಗ್ರಂಥವನ್ನು ಹಾಗೆಯೇ ತೆರೆದು, ಎಡಪುಟದ ಮೇಲ್ಭಾಗದ ಪದವನ್ನು ಓದುತ್ತಾರೆ. ಅದು ಹಿಂದಿನ ಪುಟದಲ್ಲಿ ಶುರುವಾಗಿದ್ದರೆ ಅಲ್ಲಿಂದಲೇ ಓದುತ್ತಾರೆ. ಅದೇ ಆ ದಿನದ ಆದೇಶ. ಮಗುವಿಗೆ ಹೆಸರಿಡುವಾಗಲೂ ಹೀಗೆ ಬಂದ ಪದದ ಮೊದಲ ಅಕ್ಷರವನ್ನು ತೆಗೆದುಕೊಳ್ಳುತ್ತಾರೆ. ಮದುವೆಯಲ್ಲಿ ವಧೂವರರು ಗ್ರಂಥದ ಸುತ್ತ ನಾಲ್ಕು ಸುತ್ತು ಬರುತ್ತಾರೆ.

ಈ ಆದೇಶಕ್ಕೆ ಎಷ್ಟು ತೂಕವಿದೆ ಎಂಬುದು 1920ರ ಅಕ್ಟೋಬರ್ 12ರಂದು ಕಂಡುಬಂತು. ಕೆಳಜಾತಿಯವರೆನಿಸಿಕೊಂಡವರು ಸಿಖ್ ದೀಕ್ಷೆ ಪಡೆದು ಹರಿಮಂದಿರಕ್ಕೆ ಪ್ರಸಾದ ತಂದರು. ಅಲ್ಲಿನ ಅರ್ಚಕರು ಅದನ್ನು ಮುಟ್ಟಲೊಪ್ಪಲಿಲ್ಲ. ವಾದ ಬೆಳೆಯಿತು. ಕೊನೆಗೆ ಗುರುವನ್ನೇ ಕೇಳೋಣವೆಂದು ಗ್ರಂಥ ತೆರೆದರು. ಗುಣಹೀನರನ್ನೂ ದೇವರು ತಾನೇ ಕ್ಷಮಿಸಿ ಸೇವೆಗೆ ಹಚ್ಚುತ್ತಾನೆಂಬ ಅರ್ಥದ ಪದ ಬಂತು. ಅರ್ಚಕರು ಒಲ್ಲದ ಮನಸ್ಸಿನಿಂದಲೇ ಪ್ರಸಾದವನ್ನು ಸ್ವೀಕರಿಸಬೇಕಾಯಿತು. ತಮ್ಮ ರೂಢಿಗೆ ವಿರುದ್ಧವಾಗಿ ಬಂದ ಮಾತಿಗೂ ಮಣಿಯುವುದು ಸುಲಭವಲ್ಲ. ಸುತ್ತಿಟ್ಟ ಗ್ರಂಥಕ್ಕೂ ತೆರೆದ ಗ್ರಂಥಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನಮಗನಿಸುತ್ತದೆ.

ಆ ಯುವಕನಿಗೆ ಇನ್ನೂ ಒಂದು ಅಳುಕಿತ್ತು: ಅಲ್ಲಿ ತಾನೂ ಬಾಗಬೇಕಿತ್ತೇ? ನಮ್ಮ ಸಜ್ದಾ ಅಲ್ಲಾಹನಿಗೆ ಮಾತ್ರ, ಇದರಲ್ಲಿ ರಾಜಿಯಿಲ್ಲ. ಅತಿಥಿಗಳು ಬಾಗಲೇಬೇಕೆಂದು ಸಿಖ್ಖರೂ ಒತ್ತಾಯಿಸುವುದಿಲ್ಲ. ಚಪ್ಪಲಿ ಬಿಟ್ಟು, ತಲೆ ಮುಚ್ಚಿ, ಗ್ರಂಥದ ಕಡೆ ಕಾಲು ಚಾಚದೆ ಕೂತರೆ ಸಾಕು. ಲಂಗರ್‌ನಲ್ಲಿ ಬಡಿಸುವುದು ಸಸ್ಯಾಹಾರ. ಎಲ್ಲರೊಡನೆ ಸಾಲಿನಲ್ಲಿ ಕೂತು ಉಂಡು ಬರಬಹುದು.