ಹಳಿ ಹಿಡಿದು ಹೋದ ಮಕ್ಕಳಿಗೆ ಮನೆಯ ದಾರಿ

ರೈಲು ನಿಲ್ದಾಣಗಳಲ್ಲಿ ಒಂಟಿಯಾಗಿ ಸಿಗುವ ಮಕ್ಕಳನ್ನು ಹೆತ್ತವರ ಕೈಗೆ ಒಪ್ಪಿಸುವ ‘ಸಾಥಿ’ ಹುಟ್ಟಿದ್ದು ರಾಯಚೂರಿನಲ್ಲಿ. ಅದು ಕಂಡುಕೊಂಡ ದಾರಿ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ನಮಗೂ ಗೊತ್ತಿರಬೇಕು.

ಕಾಡಿನ ಮರ ಹೊರಗೆ ಸಾಗಿಸಲೆಂದು ಬ್ರಿಟಿಷರ ಕಾಲದಲ್ಲಿ ಹಾಕಿದ ಹಳಿ ಇವತ್ತು ದಾಂಡೇಲಿ ಬಳಿಯ ಅಂಬೇವಾಡಿಯಲ್ಲಿ ಮುಗಿಯುತ್ತದೆ. ಅಳ್ನಾವರದಿಂದ ಇಲ್ಲಿಗೆ ಸುಮಾರು 26 ಕಿಲೋಮೀಟರ್. ಬಹುಕಾಲ ನಿಂತೇ ಹೋಗಿದ್ದ ಪ್ರಯಾಣಿಕರ ಗಾಡಿ 2019ರ ನವೆಂಬರ್‌ನಲ್ಲಿ ಧಾರವಾಡದಿಂದ ಮತ್ತೆ ಬಂದಾಗ ಈ ಸೀಮೆಯ ಜನ ಸಂಭ್ರಮಪಟ್ಟಿದ್ದರು. ಪೇಟೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗಿಬರುವವರಿಗೆ ಇದು ಕೊನೆಯ ನಿಲ್ದಾಣವಾಯಿತು. ಮನೆಯಲ್ಲಿ ಪೆಟ್ಟು ತಿಂದು, ಸಿಟ್ಟಿನಲ್ಲಿ ಹೊರಬಿದ್ದ ಹನ್ನೊಂದು ವರ್ಷದ ಹುಡುಗನಿಗೆ ಮಾತ್ರ ಇಂಥ ನಿಲ್ದಾಣವೇ ಮೊದಲನೆಯದು. ಅಳ್ನಾವರ ಮುಟ್ಟಿದರೆ ಒಂದು ದಿಕ್ಕಿಗೆ ಲೋಂಡಾ, ಬೆಳಗಾವಿ, ಮುಂಬೈ. ಇನ್ನೊಂದು ದಿಕ್ಕಿಗೆ ಧಾರವಾಡ, ಹುಬ್ಬಳ್ಳಿ, ಬೆಂಗಳೂರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಅಲ್ಲಿ ಓಡಾಡುವ ಸಾವಿರಾರು ಜನರ ನಡುವೆ ಒಂಟಿ ಮಗುವೊಂದನ್ನು ಗುರುತಿಸಬೇಕಾದರೆ ಅದಕ್ಕೆಂದೇ ಪಳಗಿದ ಕಣ್ಣು ಬೇಕು.

ಆ ಕಣ್ಣನ್ನು ಪಳಗಿಸಿದ ಸಂಸ್ಥೆಗಳಲ್ಲಿ ಸಾಥಿಗೆ ದೊಡ್ಡ ಸ್ಥಾನವಿದೆ.

ಇವರು ಅನಾಥರಲ್ಲ

ನಿಲ್ದಾಣದಲ್ಲಿ ಬಾಟಲಿ ಆಯುವ, ಬೋಗಿ ಗುಡಿಸಿ ಕೈಯೊಡ್ಡುವ ಮಗುವನ್ನು ಕಂಡಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ‘ಪಾಪ, ಯಾರೂ ಇಲ್ಲ’ ಎಂಬುದು. ರೈಲ್ವೆಯ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ರೈಲ್ವೆ ರಕ್ಷಣಾ ಪಡೆ 2018ರಲ್ಲಿ ‘ನನ್ಹೆ ಫರಿಶ್ತೆ’ ಕಾರ್ಯಾಚರಣೆ ಶುರುಮಾಡಿತು. ಆ ಒಂದೇ ವರ್ಷ ದೇಶದಾದ್ಯಂತ ನಿಲ್ದಾಣಗಳಲ್ಲೂ ಗಾಡಿಗಳಲ್ಲೂ ಅದು ರಕ್ಷಿಸಿದ ಮಕ್ಕಳು 17,112. ಅವರಲ್ಲಿ 13,187 ಮಕ್ಕಳು ಮನೆಬಿಟ್ಟು ಓಡಿ ಬಂದವರು. ಉಳಿದವರಲ್ಲೂ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಕಾಣೆಯಾದವರು, ಸಾವಿರಕ್ಕೂ ಹೆಚ್ಚು ಮಕ್ಕಳು ಗದ್ದಲದಲ್ಲಿ ಹಿಂದುಳಿದವರು. ಅಂದರೆ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಕ್ಕಳು ತಾವಾಗಿಯೇ ಹೊಸ್ತಿಲು ದಾಟಿದವರು, ಮತ್ತು ಅವರು ದಾಟಿದ ಹೊಸ್ತಿಲು ಇನ್ನೂ ಅಲ್ಲೇ ಇದೆ.

ದಾಟುವುದಕ್ಕೆ ಕಾರಣಗಳು ದೊಡ್ಡವರ ಕಣ್ಣಿಗೆ ಸಣ್ಣವಾಗಿ ಕಾಣುತ್ತವೆ. ಪರೀಕ್ಷೆಯಲ್ಲಿ ಫೇಲಾದದ್ದು, ಮಾಸ್ತರರ ಬೆತ್ತ, ಕುಡಿದು ಬರುವ ಅಪ್ಪ, ಮಲತಾಯಿಯ ಮಾತು, ಗೆಳೆಯನ ಜೊತೆ ಮುಂಬೈ ನೋಡುವ ಆಸೆ, ಕಿಸೆಯಿಂದ ನೂರು ರೂಪಾಯಿ ತೆಗೆದದ್ದು ಗೊತ್ತಾದೀತೆಂಬ ಭಯ. ಬಡತನ ಇವೆಲ್ಲಕ್ಕೂ ಹಿನ್ನೆಲೆಯಾಗಿರುತ್ತದೆ. ಆದರೂ ಬಡತನ ಒಂದೇ ಕಾರಣವಾಗಿದ್ದರೆ ಒಂದೇ ಮನೆಯ ಮೂವರು ಮಕ್ಕಳಲ್ಲಿ ಒಬ್ಬ ಮಾತ್ರ ಓಡಿಹೋಗುತ್ತಿರಲಿಲ್ಲ. ಆ ಒಬ್ಬನಿಗೆ ಆ ದಿನ ಏನು ತಡೆಯಲಾಗಲಿಲ್ಲ ಎಂದು ಕೇಳುವುದರಿಂದಲೇ ಈ ಕೆಲಸ ಶುರುವಾಗುತ್ತದೆ.

ರಾಯಚೂರಿನಲ್ಲಿ ಕಂಡದ್ದು

ರಾಯಚೂರು ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲಿದೆ. ಮೇಲೆ ವಾಡಿ, ಕೆಳಗೆ ಗುಂತಕಲ್; ಎರಡೂ ದೊಡ್ಡ ಜಂಕ್ಷನ್. ಹಗಲಿರುಳು ಗಾಡಿ ಹರಿಯುವ ಈ ಮಾರ್ಗದಲ್ಲಿ ಮಕ್ಕಳೂ ಹರಿದು ಬರುತ್ತಿದ್ದರು. 1992ರಲ್ಲಿ ಪ್ರಮೋದ ಕುಲಕರ್ಣಿ ಅಲ್ಲಿ ಸಾಥಿಯನ್ನು ಕಟ್ಟಿದರು. ಆಗ ದೇಶದಲ್ಲಿ ಬೀದಿಮಕ್ಕಳಿಗಾಗಿ ದುಡಿಯುತ್ತಿದ್ದ ಹೆಚ್ಚಿನ ಸಂಸ್ಥೆಗಳಂತೆ ಸಾಥಿಯೂ ಮೊದಲು ಆಶ್ರಯ ಕೊಟ್ಟಿತು: ಮಲಗಲು ಜಾಗ, ಊಟ, ಒಂದಿಷ್ಟು ಅಕ್ಷರ.

ಮಕ್ಕಳ ಜೊತೆ ಇದ್ದು ನೋಡಿದಾಗ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ತಾಯಿ ಇದ್ದಾರೆ. ಸಿಟ್ಟು ಇಳಿದ ಮೇಲೆ ಹಲವರಿಗೆ ಮನೆ ನೆನಪಾಗುತ್ತದೆ. ಆದರೆ ಹೋಗಲು ನಾಚಿಕೆ, ಹೆದರಿಕೆ. ನಿಲ್ದಾಣದ ಪಕ್ಕದಲ್ಲೇ ಊಟ, ಹಾಸಿಗೆ ಸಿಕ್ಕರೆ ಆ ನೆನಪು ದಿನಕ್ಕಿಷ್ಟು ಮಾಸುತ್ತದೆ. ಒಳ್ಳೆಯ ಮನಸ್ಸಿನಿಂದ ನಡೆಸುವ ಆಶ್ರಯವೇ ಮಗುವನ್ನು ಮನೆಯಿಂದ ದೂರ ಇಡುವ ಸಾಧ್ಯತೆ ಇದೆಯೆಂದು ಒಪ್ಪಿಕೊಳ್ಳುವುದು ಸಂಸ್ಥೆಯೊಂದಕ್ಕೆ ಸುಲಭವಲ್ಲ. ಸಾಥಿ ಒಪ್ಪಿಕೊಂಡಿತು, ತನ್ನ ಗುರಿಯನ್ನು ಬದಲಿಸಿತು. ಎಷ್ಟು ಮಕ್ಕಳು ನಮ್ಮಲ್ಲಿದ್ದಾರೆ ಎಂಬ ಲೆಕ್ಕ ಹೋಗಿ, ಎಷ್ಟು ಮಕ್ಕಳು ಮನೆ ಸೇರಿದರು ಎಂಬ ಲೆಕ್ಕ ಬಂತು. ಮುಂದೆ ಕೆಲಸ ರಾಯಚೂರು ದಾಟಿ ಹೊರರಾಜ್ಯದ ದೊಡ್ಡ ನಿಲ್ದಾಣಗಳಿಗೆ ಹಬ್ಬಿತು. ಹತ್ತಾರು ಸಾವಿರ ಮಕ್ಕಳು ಹೆತ್ತವರ ಬಳಿಗೆ ಮರಳಿದರು. ಮಾಲ್ಕಮ್ ಹಾರ್ಪರ್ ಮತ್ತು ಲಲಿತಾ ಅಯ್ಯರ್ ಈ ಅನುಭವವನ್ನೇ ಕೇಂದ್ರವಾಗಿಟ್ಟುಕೊಂಡು 2013ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ತಂದರು.

ಮೊದಲ ಕೆಲವು ಗಂಟೆ

ಈ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಸಮಯ. ಹೊಸದಾಗಿ ಇಳಿದ ಮಗು ಯಾರ ಕೈಗೆ ಮೊದಲು ಸಿಗುತ್ತದೆ ಎಂಬುದರ ಮೇಲೆ ಅದರ ಮುಂದಿನ ಬದುಕು ನಿಂತಿರುತ್ತದೆ. ಕಾರ್ಯಕರ್ತರು ಗಾಡಿ ಬರುವ ಹೊತ್ತಿಗೆ ಪ್ಲಾಟ್‌ಫಾರ್ಮ್‌ನಲ್ಲಿ ನಡೆಯುತ್ತ ನೋಡುತ್ತಾರೆ. ಬಟ್ಟೆ ಇನ್ನೂ ಕೊಳೆಯಾಗಿಲ್ಲ, ಕೆಲವೊಮ್ಮೆ ಶಾಲೆಯ ಯೂನಿಫಾರ್ಮೇ ಇದೆ, ಜೊತೆಗೆ ದೊಡ್ಡವರಿಲ್ಲ, ಪೊಲೀಸರನ್ನು ಕಂಡರೆ ಕಂಬದ ಮರೆಗೆ ಸರಿಯುತ್ತಾನೆ, ತಿಂಡಿ ಗಾಡಿಯತ್ತ ನೋಡುತ್ತಾನೆ, ಕೊಳ್ಳುವುದಿಲ್ಲ. ಹೊಸ ಮಗುವಿನ ಗುರುತು ಇವು.

ಹತ್ತಿರ ಹೋದವರು ಹೆಸರು, ವಿಳಾಸ ಕೇಳುವ ಆತುರ ಮಾಡುವುದಿಲ್ಲ. ‘ಯಾಕ ತಮ್ಮಾ, ನಾಷ್ಟಾ ಆತೇನು?’ ಎಂದು ಪಕ್ಕದಲ್ಲಿ ಕೂರುತ್ತಾರೆ. ಮಗು ಮೊದಲು ಸುಳ್ಳು ಹೇಳುವುದು ಸಾಮಾನ್ಯ: ಹೆಸರು ಬೇರೆ, ಊರು ಬೇರೆ, ‘ಅಪ್ಪ ಅವ್ವ ಸತ್ತಾರ’ ಎಂಬ ಮಾತು. ಆ ಸುಳ್ಳಿಗೆ ಗದರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಕಾಯ್ದರೆ ಊಟದ ಹೊತ್ತಿಗೋ ಮರುದಿನವೋ ನಿಜ ಹೊರಬರುತ್ತದೆ. ಹೀಗೆ ಮೊದಲ ದಿನವೇ ಸಿಕ್ಕ ಮಗುವನ್ನು ಕೆಲವೇ ದಿನಗಳಲ್ಲಿ ಮನೆಗೆ ತಲುಪಿಸಬಹುದು.

ಇದೇ ಮಗು ಒಂದು ವಾರ ತಡವಾಗಿ ಸಿಕ್ಕರೆ, ಅಷ್ಟರಲ್ಲಿ ಅದಕ್ಕೆ ಗುಂಪು ಸಿಕ್ಕಿರುತ್ತದೆ, ಗುಂಪಿಗೊಬ್ಬ ದೊಡ್ಡ ಹುಡುಗ ಇರುತ್ತಾನೆ. ನೀರಿನ ಬಾಟಲಿ ಆಯ್ದರೆ ದುಡ್ಡು, ದುಡ್ಡಿಗೆ ಸಿನಿಮಾ, ಹಸಿವು ಚಳಿ ಮರೆಯಲು ಬಟ್ಟೆಗೆ ಹಚ್ಚಿ ಎಳೆಯುವ ಸೊಲ್ಯೂಷನ್. ರಾತ್ರಿ ಮೈಮೇಲೆ ಬೀಳುವವರಿಂದ ಕಾಪಾಡುವವರು ಯಾರೂ ಇಲ್ಲ. ಹುಡುಗಿಯರು ಪ್ಲಾಟ್‌ಫಾರ್ಮ್‌ನಲ್ಲಿ ಕಡಿಮೆ ಕಾಣುವುದಕ್ಕೆ ಅವರು ಓಡಿ ಬರುವುದು ಕಡಿಮೆ ಎಂಬುದಷ್ಟೇ ಕಾರಣವಲ್ಲ. ಸಾಗಿಸುವವರ ಕಣ್ಣಿಗೆ ಅವರು ಬೇಗ ಬೀಳುತ್ತಾರೆ.

ವರ್ಷಗಟ್ಟಲೆ ನಿಲ್ದಾಣದಲ್ಲೇ ಬೆಳೆದ ಮಕ್ಕಳಿಗಾಗಿ ಸಾಥಿ ಸುಮಾರು ಒಂದು ತಿಂಗಳ ಶಿಬಿರ ನಡೆಸುವ ಪದ್ಧತಿ ತಂದಿತು. ನಿಲ್ದಾಣದ ಸದ್ದಿನಿಂದ ದೂರ ಮಕ್ಕಳು ಒಟ್ಟಿಗೆ ಇರುತ್ತಾರೆ. ಆಟ, ಹಾಡು, ಕೆಲಸ, ಮಾತು. ಚಟ ಇಳಿಯಲು ಬೇಕಾದಷ್ಟು ದಿನ, ಮನೆಯ ಬಗ್ಗೆ ಯೋಚಿಸಲು ಬೇಕಾದಷ್ಟು ನೆಮ್ಮದಿ. ಕೊನೆಗೆ ಹೆತ್ತವರನ್ನು ಕರೆಸಿ ಮಕ್ಕಳನ್ನು ಅವರಿಗೆ ಒಪ್ಪಿಸುತ್ತಾರೆ. ಬಲವಂತದಿಂದ ಕಳಿಸಿದ ಮಗು ಮುಂದಿನ ಗಾಡಿಗೇ ವಾಪಸಾಗುತ್ತದೆ. ಹೋಗುತ್ತೇನೆಂದು ತಾನೇ ತೀರ್ಮಾನಿಸಿದ ಮಗು ನಿಲ್ಲುತ್ತದೆ.

ಊರು ಹುಡುಕುವ ಕಷ್ಟ

ಎಂಟು ವರ್ಷದ ಮಗುವಿಗೆ ತಾಲ್ಲೂಕು, ಜಿಲ್ಲೆ ಗೊತ್ತಿರುವುದಿಲ್ಲ. ಅದರ ನೆನಪಿನಲ್ಲಿರುವುದು ಊರ ಜಾತ್ರೆ, ಕೆರೆ, ಹೆಡ್‌ಮಾಸ್ತರರ ಹೆಸರು, ಸಂತೆಯ ದಿನ, ಬಸ್ಸಿನ ಬೋರ್ಡಿನ ಮೇಲಿದ್ದ ಊರು. ಇವನ್ನೆಲ್ಲ ಕೂಡಿಸಿ ಊರು ಹುಡುಕಬೇಕು, ಅಲ್ಲಿನ ಠಾಣೆಗೋ ಪಂಚಾಯಿತಿಗೋ ಶಾಲೆಗೋ ಫೋನ್ ಮಾಡಬೇಕು. ಒಂದು ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಖಂಡ್ವಾದ ಸರೂ ಬ್ರೈರ್ಲಿ ಅವರ ಕಥೆ ಜಗತ್ತಿಗೇ ಗೊತ್ತು. ಗಾಡಿಯಲ್ಲಿ ನಿದ್ದೆಹೋಗಿ ಕೋಲ್ಕತ್ತ ಸೇರಿದ ಐದರ ಹುಡುಗನಿಗೆ ತನ್ನ ಕೇರಿಯ ಹೆಸರು ಗಣೇಶ ತಲಾಯಿ ಸರಿಯಾಗಿ ಹೇಳಲು ಬರಲಿಲ್ಲ. ದತ್ತು ಹೋಗಿ ಆಸ್ಟ್ರೇಲಿಯಾದಲ್ಲಿ ಬೆಳೆದ ಅವರು ಗೂಗಲ್ ಅರ್ಥ್‌ನಲ್ಲಿ ಹಳಿ ಹಿಡಿದು ಹುಡುಕುತ್ತ ಊರನ್ನು ಗುರುತಿಸಿ, ತಾಯಿಯನ್ನು ಮತ್ತೆ ಕಂಡದ್ದು 2012ರಲ್ಲಿ. ಆ ಹೊತ್ತಿಗೆ ಕಾಲು ಶತಮಾನ ಕಳೆದಿತ್ತು.

ಈಗ ಹುಡುಕಾಟಕ್ಕೆ ಸಲಕರಣೆಗಳು ಹೆಚ್ಚಾಗಿವೆ. ಕಾಣೆಯಾದ ಮತ್ತು ಸಿಕ್ಕ ಮಕ್ಕಳ ವಿವರಗಳನ್ನು ದೇಶವ್ಯಾಪಿ ಕಂಪ್ಯೂಟರ್ ಜಾಲದಲ್ಲಿ ತಾಳೆನೋಡಬಹುದು. ಮಗುವಿಗೆ ಮೊದಲೇ ಆಧಾರ್ ಆಗಿದ್ದರೆ ಬೆರಳಚ್ಚಿನಿಂದ ಮನೆ ಸಿಕ್ಕ ಪ್ರಸಂಗಗಳಿವೆ. ಆದರೂ ಮಗುವಿನ ಮಾತು ಕೇಳಿ ‘ಇದು ಇಂಥ ಸೀಮೆಯ ಭಾಷೆ’ ಎಂದು ಗುರುತಿಸುವ ಕಿವಿಯ ಜಾಗವನ್ನು ಯಂತ್ರ ತುಂಬಿಲ್ಲ. ಈ ವಿಷಯದಲ್ಲಿ ನಮ್ಮ ಸೀಮೆ ಶ್ರೀಮಂತ. ಕಾಗದ ಕಾರ್ಖಾನೆಯ ಸುತ್ತ ಬೆಳೆದ ದಾಂಡೇಲಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು, ಹಿಂದಿ, ತೆಲುಗು ಒಂದೇ ಬೀದಿಯಲ್ಲಿ ಕೇಳುತ್ತವೆ. ಸಿದ್ದಿ, ಗೌಳಿ, ಕುಣಬಿ ಜನರ ನುಡಿಯ ಬಳುಕು ಇಲ್ಲಿಯವರಿಗೆ ಮಾತ್ರ ಸಿಗುವಂಥದ್ದು.

ಕಾನೂನು ಏನು ಹೇಳುತ್ತದೆ

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಒಂಟಿಯಾಗಿ ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಯೇ ಮಗು ಎಲ್ಲಿರಬೇಕೆಂದು ತೀರ್ಮಾನಿಸುತ್ತದೆ. ಮಗುವಿನ ಹಿನ್ನೆಲೆಯ ಸಾಮಾಜಿಕ ತನಿಖೆ 15 ದಿನಗಳಲ್ಲಿ ಆಗಬೇಕು. ಹೆತ್ತವರು ಬಂದಾಗ ದಾಖಲೆ, ಫೋಟೋ ನೋಡಿ, ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡಿದ ಮೇಲೆಯೇ ಒಪ್ಪಿಸಬೇಕು. ಕಾಣೆಯಾದ ಪ್ರತಿ ಮಗುವಿನ ದೂರಿಗೂ ಎಫ್‌ಐಆರ್ ಆಗಬೇಕೆಂದು 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ‘ಒಂದೆರಡು ದಿನ ಕಾಯಿರಿ, ಬಂದಾನು’ ಎಂದು ಠಾಣೆಯಿಂದ ಯಾರನ್ನೂ ವಾಪಸ್ ಕಳಿಸುವಂತಿಲ್ಲ.

ಎಲ್ಲ ಮಕ್ಕಳನ್ನೂ ಮನೆಗೆ ಕಳಿಸಬೇಕೆಂದಲ್ಲ. ಮೈಮೇಲೆ ಬರೆ ಹೊತ್ತು ಬಂದ ಮಗುವನ್ನು, ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವನ್ನು, ಹೆತ್ತವರೇ ದುಡಿಮೆಗೆ ಮಾರಿದ ಮಗುವನ್ನು ಅದೇ ಕೈಗಳಿಗೆ ಒಪ್ಪಿಸುವುದು ಅನ್ಯಾಯ. ಅಜ್ಜಿಯೋ ಸೋದರಮಾವನೋ ನೋಡಿಕೊಳ್ಳಬಲ್ಲರೇ ಎಂದು ವಿಚಾರಿಸಬೇಕು. ಯಾರೂ ಇಲ್ಲದಿದ್ದರೆ ಬಾಲಮಂದಿರ ಬೇಕೇ ಬೇಕು.

ಮನೆ ಸೇರಿದ ಮೇಲೂ ಕೆಲಸ ಉಳಿದಿರುತ್ತದೆ. ಓಡುವಂತೆ ಮಾಡಿದ ಕಾರಣ ಹಾಗೇ ಇದ್ದರೆ ಮಗು ಮತ್ತೆ ಓಡುತ್ತದೆ. ಶಾಲೆಗೆ ಮತ್ತೆ ಸೇರಿಸುವುದು, ಅಪ್ಪನ ಜೊತೆ ಮಾತಾಡುವುದು, ಕೆಲ ತಿಂಗಳು ಫೋನ್ ಮಾಡಿ ವಿಚಾರಿಸುವುದು ಇದರ ಭಾಗವೇ. ತೀರಾ ಬಡ ಕುಟುಂಬ ಮಗುವನ್ನು ಮನೆಯಲ್ಲೇ ಸಾಕಲು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹರಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಬೇಕಾದವರಿಗೆ ಈ ವಿಷಯ ತಿಳಿಸುವುದೂ ಸೇವೆಯೇ.

ಜೊತೆಗಿರುವವರು

ಸಾಥಿ ಈ ದಾರಿಯಲ್ಲಿ ಒಂಟಿಯಲ್ಲ. ಬೆಂಗಳೂರಿನಲ್ಲಿ ಡಾನ್ ಬಾಸ್ಕೊ ಸಲೇಷಿಯನ್ನರು 1980ರಲ್ಲಿ ಶುರುಮಾಡಿದ ‘ಬೆಂಗಳೂರು ಓಣಿಯವರ ಸೇವಾ ಕೂಟ’, ಎಲ್ಲರ ಬಾಯಲ್ಲಿ ಬಾಸ್ಕೊ, ನಗರದ ರೈಲು ಮತ್ತು ಬಸ್ ನಿಲ್ದಾಣಗಳಲ್ಲಿ ಮಕ್ಕಳಿಗಾಗಿ ದುಡಿದಿದೆ. ಬ್ರಿಟಿಷ್ ರೈಲ್ವೆಯ ಅಧಿಕಾರಿಯಾಗಿದ್ದ ಡೇವಿಡ್ ಮೇಡ್‌ಮೆಂಟ್ ಮುಂಬೈನ ಚರ್ಚ್‌ಗೇಟ್‌ನಲ್ಲಿ ಭಿಕ್ಷೆಗಾಗಿ ತನ್ನನ್ನೇ ಚಾಟಿಯಿಂದ ಹೊಡೆದುಕೊಳ್ಳುತ್ತಿದ್ದ ಪುಟ್ಟ ಹುಡುಗಿಯನ್ನು ಕಂಡು ಮರೆಯಲಾರದೆ 1995ರಲ್ಲಿ ‘ರೈಲ್ವೆ ಚಿಲ್ಡ್ರನ್’ ಸಂಸ್ಥೆ ಸ್ಥಾಪಿಸಿದರು. ಮರುವರ್ಷ ಮುಂಬೈನಲ್ಲೇ ಜೆರೂ ಬಿಲಿಮೋರಿಯಾ ಅವರ ಪ್ರಯತ್ನದಿಂದ ಮಕ್ಕಳ ಸಹಾಯವಾಣಿ 1098 ಹುಟ್ಟಿತು. ಈಗ ಅದನ್ನು ಸರ್ಕಾರವೇ ನಡೆಸುತ್ತದೆ, ತುರ್ತು ಸಂಖ್ಯೆ 112ರ ಜೊತೆ ಜೋಡಿಸಿದೆ. ಕರೆ ಉಚಿತ, ಹಗಲು ರಾತ್ರಿ ಯಾವಾಗಲೂ ಮಾಡಬಹುದು.

ನಮ್ಮ ಸೀಮೆಯಲ್ಲಿ

ದೊಡ್ಡ ನಗರದ ನಿಲ್ದಾಣದಲ್ಲಿ ಕಾಣುವ ಮಗು ಯಾವುದೋ ಸಣ್ಣ ಊರಿನಿಂದಲೇ ಹೊರಟಿರುತ್ತದೆ. ಅಂಬೇವಾಡಿಯ ನಿಲ್ದಾಣದಲ್ಲಿ, ದಾಂಡೇಲಿಯ ಬಸ್ ಸ್ಟ್ಯಾಂಡಿನಲ್ಲಿ, ಹಳಿಯಾಳದ ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನ ಜೊತೆ ಬಂದು ದಾರಿತಪ್ಪಿದಾಗ, ಮುಂಡಗೋಡದ ಸಂತೆಯಲ್ಲಿ ಆ ಮಗುವನ್ನು ತಡೆದು ಮಾತಾಡಿಸಿದರೆ ಅದು ಹುಬ್ಬಳ್ಳಿಯನ್ನು ದಾಟುವುದಿಲ್ಲ. ರಿಕ್ಷಾದವರು, ಕಂಡಕ್ಟರು, ಚಹಾದಂಗಡಿಯವರು ಈ ಕೆಲಸಕ್ಕೆ ಯಾವ ಸಂಸ್ಥೆಗಿಂತಲೂ ಮೊದಲು ಒದಗುವವರು.

ಮಾಡಬೇಕಾದ್ದು ಇಷ್ಟು. ಕೂರಿಸಿ ತಿನ್ನಲು ಕೊಡಿ. ಒಂಟಿ ಬಿಡಬೇಡಿ. 1098ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಠಾಣೆಗೆ ತಿಳಿಸಿ. ಮಗುವಿನ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹರಿಬಿಡಬೇಡಿ. ಸುಳ್ಳು ಸಂಬಂಧ ಹೇಳಿಕೊಂಡು ಬರುವವರಿಗೆ ಅದೇ ದಾರಿಯಾಗುತ್ತದೆ. ಕರುಣೆಯಿಂದಾದರೂ ಮನೆಯಲ್ಲಿ ಇಟ್ಟುಕೊಳ್ಳುವುದು, ಹೋಟೆಲಿನಲ್ಲೋ ಹೋಮ್‌ಸ್ಟೇಯಲ್ಲೋ ಕೆಲಸಕ್ಕೆ ಹಚ್ಚುವುದು ತಪ್ಪು. ಸಿಕ್ಕ ಮಗುವಿನ ಬಗ್ಗೆ 24 ಗಂಟೆಯೊಳಗೆ ತಿಳಿಸದಿರುವುದು ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದಾದ ಅಪರಾಧ.

ಇದಕ್ಕೂ ಮೊದಲಿನ ಕೆಲಸ ಮನೆಯದು, ಶಾಲೆಯದು. ಒಂದನೇ ತರಗತಿಯ ಮಗುವಿಗೂ ತನ್ನ ಪೂರ್ತಿ ಹೆಸರು, ಅಪ್ಪ ಅವ್ವನ ಹೆಸರು, ಊರು, ತಾಲ್ಲೂಕು, ಜಿಲ್ಲೆ, ಒಂದು ಫೋನ್ ನಂಬರ್ ಮಗ್ಗಿಯ ಜೊತೆಗೇ ಬಾಯಿಪಾಠವಾಗಲಿ. ಎರಡು ದಿನ ಶಾಲೆಗೆ ಬಾರದ ಮಗುವಿನ ಮನೆಗೆ ಮಾಸ್ತರರಿಂದಲೋ ಅಕ್ಕೋರಿಂದಲೋ ಒಂದು ಫೋನ್ ಹೋಗಲಿ. ಮಗು ತಪ್ಪು ಮಾಡಿದ ದಿನವೂ ‘ಸಂಜೆ ಮನೆಗೆ ಬಾ, ಊಟ ಮಾಡು, ಆಮೇಲೆ ಮಾತಾಡೋಣ’ ಎಂಬ ಭರವಸೆ ಅದಕ್ಕೆ ಮೊದಲೇ ಸಿಕ್ಕಿರಲಿ. ನಿಲ್ದಾಣಗಳಲ್ಲಿ ಸಾಥಿಯಂಥ ಸಂಸ್ಥೆಗಳು ವರ್ಷಗಳಿಂದ ಮಕ್ಕಳ ಬಾಯಿಂದ ಕೇಳಿರುವ ಕಾರಣಗಳಲ್ಲಿ ಎಷ್ಟೋ ಕಾರಣಗಳಿಗೆ ಮದ್ದು ಈ ಒಂದು ಭರವಸೆಯಲ್ಲಿದೆ. ಅದನ್ನು ಕೊಡಲು ಯಾವ ಸಂಸ್ಥೆಯೂ ಬೇಕಿಲ್ಲ. ಹೆತ್ತವರಾದ ನಾವು ಕೊಟ್ಟರಾಯಿತು.