ಬಾಯೊಳಗಿನ ಲೋಹದ ಪರೀಕ್ಷೆ

ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಣಸೆಯ ಹುಳಿಯನ್ನಾಗಲಿ ಉಪ್ಪಿನಕಾಯಿಯನ್ನಾಗಲಿ ಇಡಬಾರದೆಂಬುದು ನಮ್ಮ ಗೃಹಿಣಿಯರೆಲ್ಲರಿಗೂ ತಿಳಿದ ಸಂಗತಿಯಷ್ಟೆ. ಹುಳಿಯೂ ಉಪ್ಪೂ ಕೂಡಿ ಲೋಹವನ್ನು ಕರಗಿಸಿ ಆಹಾರವನ್ನು ಕೆಡಿಸುವುವು. ಹಾಗಾದರೆ ಹಗಲೆಲ್ಲಾ ಬಾಯೊಳಗೇ ಇರುವ ಕೃತಕ ದಂತಪಂಕ್ತಿಯ ಲೋಹದ ಗತಿಯೇನು? ಬಾಯಿಯಾದರೋ ಸದಾ ಬೆಚ್ಚಗೆ, ತೇವವಾಗಿರುವ, ಉಪ್ಪು ಹುಳಿಗಳೆರಡೂ ಬೀಳುವ ಪಾತ್ರೆಯೇ ಸರಿ.

ಕೆಲವು ಹಲ್ಲುಗಳನ್ನು ಕಳಕೊಂಡವರ ದಂತಪಂಕ್ತಿಯ ಚೌಕಟ್ಟನ್ನು ಪೂರ್ವದಲ್ಲಿ ಚಿನ್ನದ ಮಿಶ್ರಲೋಹದಿಂದ ಎರಕ ಹೊಯ್ಯುತ್ತಿದ್ದರು. ಅಮೇರಿಕದ ಕೊಕೊಮೊ ಪಟ್ಟಣದ ಎಲ್ವುಡ್ ಹೇನ್ಸ್ ಎಂಬವರು ಕೋಬಾಲ್ಟನ್ನೂ ಕ್ರೋಮಿಯಮನ್ನೂ ಬೆರಸಿದ ಲೋಹಕ್ಕೆ 1907ರಲ್ಲಿ ಹಕ್ಕುಪತ್ರವನ್ನು ಪಡೆದರು. 1930ರ ದಶಕದಲ್ಲಿ ಅದೇ ಜಾತಿಯದೊಂದು ವೈಟಾಲಿಯಂ ಎಂಬ ಹೆಸರಿನಿಂದ ದಂತವೈದ್ಯಕ್ಕೆ ಬಂತು. ಇದು ಚಿನ್ನದ ಮಿಶ್ರಲೋಹದ ಸುಮಾರು ಅರ್ಧದಷ್ಟೇ ತೂಕವುಳ್ಳದ್ದು. ಬಾಗದಿರುವ ಗುಣವಾದರೋ ಸುಮಾರು ಇಮ್ಮಡಿ. ಇದರಲ್ಲಿರುವ ಕ್ರೋಮಿಯಂ ಆಮ್ಲಜನಕದೊಡನೆ ಕೂಡಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪೊರೆಯನ್ನುಂಟುಮಾಡುತ್ತದೆ. ಗೀಚಿಹೋದರೆ ತಾನಾಗಿ ಮರಳಿ ಹುಟ್ಟುವ ಕಲಾಯಿಯಿದು!

ಆದರೂ ಮಿಶ್ರಣದ ಪ್ರಮಾಣ ತಪ್ಪಿದರೆ ಪೊರೆಯು ಸಾಲದೆ ಹೋಗುವುದು. ಆದುದರಿಂದ ಐಎಸ್‌ಒ 22674 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಲೋಹವನ್ನು ಮೊದಲೇ ಪರೀಕ್ಷಿಸುತ್ತಾರೆ. ದಂತಪಂಕ್ತಿಯನ್ನು ಎರಕ ಹೊಯ್ಯುವ ರೀತಿಯಲ್ಲಿಯೇ ಪರೀಕ್ಷೆಯ ತುಂಡುಗಳನ್ನೂ ಹೊಯ್ಯಬೇಕು. ಯಾಕಂದರೆ ಗಟ್ಟಿಯು ಒಳ್ಳೆಯದಾದ ಮಾತ್ರಕ್ಕೆ ಎರಕವೂ ಒಳ್ಳೆಯದೆಂದು ಹೇಳಲಾಗದು. 5.85 ಗ್ರಾಂ ಉಪ್ಪನ್ನೂ ಸುಮಾರು 10 ಗ್ರಾಂ ಲ್ಯಾಕ್ಟಿಕ್ ಆಮ್ಲವನ್ನೂ, ಅಂದರೆ ಮೊಸರಿನ ಹುಳಿಯನ್ನೂ, ಸೇರಿಸಿ ಒಂದು ಲೀಟರ್ ದ್ರವವನ್ನು ಸಿದ್ಧಮಾಡುತ್ತಾರೆ. ನಾವು ಉಣ್ಣುವ ಯಾವ ಮೊಸರೂ ಇಷ್ಟು ಹುಳಿಯಲ್ಲ. ಅದರಲ್ಲಿ ತುಂಡುಗಳನ್ನು ದೇಹದ ಉಷ್ಣವಾದ 37 ಡಿಗ್ರಿಯಲ್ಲಿ 7 ದಿನ ಮುಳುಗಿಸಿಡುವರು. ಬಳಿಕ ಪರೀಕ್ಷಿಸುವುದು ಲೋಹವನ್ನಲ್ಲ, ದ್ರವವನ್ನು! ಒಂದು ಚದರ ಸೆಂಟಿಮೀಟರಿನಿಂದ ಕರಗಿದ ಲೋಹವು 200 ಮೈಕ್ರೋಗ್ರಾಂ ಮೀರಬಾರದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು.

ಇನ್ನು ಬಲದ ಪರೀಕ್ಷೆ. 3 ಮಿಲಿಮೀಟರ್ ದಪ್ಪದ ಸರಳನ್ನು ಯಂತ್ರದಿಂದ ತುಂಡಾಗುವ ತನಕ ಎಳೆಯುತ್ತಾರೆ. ತೆಳುವಾದ ಕೊಂಡಿಗಳಿಗೆ ಉಪಯೋಗಿಸುವ ಲೋಹವು ಚದರ ಮಿಲಿಮೀಟರಿಗೆ ಸುಮಾರು 50 ಕಿಲೋಗ್ರಾಂ ಭಾರವನ್ನು ಶಾಶ್ವತವಾಗಿ ಹಿಗ್ಗದೆ ತಾಳಬೇಕು. ಮುರಿಯುವ ಮುಂಚೆ ನೂರಕ್ಕೆ 2ರಷ್ಟಾದರೂ ಹಿಗ್ಗಬೇಕು. ಬಲವಿದ್ದರೆ ಸಾಲದೇ, ಹಿಗ್ಗುವುದೇಕೆಂದು ಕೇಳಬಹುದು. ಸಡಿಲವಾದ ಕೊಂಡಿಯನ್ನು ವೈದ್ಯರು ಇಕ್ಕಳದಿಂದ ಬಿಗಿಮಾಡುವಾಗ ಪೆಡಸಾದ ಲೋಹವು ಪಟಕ್ಕನೆ ಮುರಿಯುವುದು. ಊಟದ ನಡುವೆ ಮುರಿದರಂತೂ ಚೂರು ಗಂಟಲಿಗಿಳಿಯಬಹುದು.

ನಿಕಲ್ ನೂರಕ್ಕೆ 0.1ನ್ನು ಮೀರಿದರೆ ಅದನ್ನು ತಿಳಿಸಲೇಬೇಕು. ಇದು ಹೆಣ್ಣುಮಕ್ಕಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಕಿವಿ ಚುಚ್ಚಿಸಿ ಅಗ್ಗದ ಓಲೆಯಿಟ್ಟು ತುರಿಕೆಗೊಂಡವರು ಹಲ್ಲು ಕಟ್ಟಿಸುವ ಮುಂಚೆ ಅದನ್ನು ವೈದ್ಯರಿಗೆ ಹೇಳಿ, ಲೋಹದ ಹೆಸರನ್ನು ಬರೆಯಿಸಿಕೊಳ್ಳುವುದೊಳ್ಳೆಯದು. ಬೆರಿಲಿಯಮಾದರೋ ನೂರಕ್ಕೆ 0.02ನ್ನು ಮೀರಲೇಕೂಡದು. ಈ ಮಿತಿಯಿಂದ ಹೆಚ್ಚಾಗಿ ರಕ್ಷಣೆ ದೊರೆಯುವುದು ದಂತಪಂಕ್ತಿಯನ್ನು ಧರಿಸುವವರಿಗಲ್ಲ, ಅದನ್ನು ಉಜ್ಜಿ ಹೊಳಪುಗೊಳಿಸುತ್ತಾ ಆ ಧೂಳನ್ನು ಉಸಿರಾಡುವ ಕೆಲಸಗಾರರ ಶ್ವಾಸಕೋಶಗಳಿಗೆ.