ವಿಠ್ಠಲ ವಿಹಾರದಿಂದ ಹೊರಟ ಅಲೆ

ವಿಜಯಪುರ ಜಿಲ್ಲೆಯ ಕನ್ನೊಳ್ಳಿ, ಸಿಂದಗಿ, ಇಂಡಿ ಕಡೆಯವರಿಗೆ ರೇಡಿಯೊ ಎಂದರೆ ಧಾರವಾಡ. 765 ಕಿಲೊಹರ್ಟ್ಸ್, 200 ಕಿಲೊವ್ಯಾಟಿನ ಟ್ರಾನ್ಸ್‌ಮಿಟರ್. ಇಂಥದ್ದು ಸರ್ಕಾರದಿಂದ ಮಾತ್ರ ಆಗುವ ಕೆಲಸ ಎಂದು ನಂಬಿಯೇ ಬೆಳೆದವರು ನಾವು. ಕನ್ನಡ ನಾಡಿನ ಬಾನುಲಿ ಹುಟ್ಟಿದ್ದು ಮಾತ್ರ ಒಬ್ಬ ಮಾಸ್ತರರ ಮನೆಯಲ್ಲಿ, 30 ವ್ಯಾಟಿನಲ್ಲಿ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಶುರು ಮಾಡಿದರು. ದೆಹಲಿಯ ಸೇವೆಗೆ 'ಆಲ್ ಇಂಡಿಯಾ ರೇಡಿಯೊ' ಎಂದು ಹೆಸರಿಟ್ಟದ್ದೇ ಮರುವರ್ಷದ ಜೂನ್‌ನಲ್ಲಿ. ಮೈಸೂರಿನ ನಿಲಯಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ; 1950ರ ದಶಕದಲ್ಲಿ ಅದೇ ಇಡೀ ದೇಶದ ಬಾನುಲಿಗೆ ಹೆಸರಾಯಿತು. 1942ರಲ್ಲಿ ನಿಲಯವನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು.

30 ವ್ಯಾಟು ಅಡುಗೆಮನೆಯ ಹಳೇ ಬಲ್ಬಿಗೂ ಸಾಲದು. ಆದರೂ ಅಲೆ ಹೊರಡುತ್ತದೆ. ಟ್ರಾನ್ಸ್‌ಮಿಟರಿನ ಜೀವವಿರುವುದು ಶ್ರುತಿಯಲ್ಲಿ. ತಾಮ್ರದ ತಂತಿಯ ಸುರುಳಿ ಒಂದು, ಕಂಡೆನ್ಸರ್ ಒಂದು. ಇವೆರಡರ ನಡುವೆ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಹೋಗಿಬರುತ್ತದೋ ಅದೇ ಫ್ರೀಕ್ವೆನ್ಸಿ. ಎಫ್‌ಎಂಗಾದರೆ ನಾಲ್ಕೈದು ಸುತ್ತು ಸಾಕು. ಸುತ್ತುಗಳನ್ನು ಬಿಡಿಸಿದರೆ ಫ್ರೀಕ್ವೆನ್ಸಿ ಏರುತ್ತದೆ, ಒತ್ತಿದರೆ ಇಳಿಯುತ್ತದೆ. ಪಕ್ಕದಲ್ಲೊಂದು ರೇಡಿಯೊ ಇಟ್ಟುಕೊಂಡು, ಅದರ ಮೊರೆತ ಅಡಗುವವರೆಗೆ ಟ್ರಿಮ್ಮರ್ ಎಂಬ ಪುಟ್ಟ ಕಂಡೆನ್ಸರನ್ನು ತುಸುತುಸುವೇ ತಿರುಗಿಸಬೇಕು. 100 ಮೆಗಾಹರ್ಟ್ಸ್‌ಗೆ 75 ಸೆಂಟಿಮೀಟರ್ ತಂತಿಯೇ ಏರಿಯಲ್. ಇಷ್ಟಾದ ಮೇಲೂ ಕೈ ಹತ್ತಿರ ತಂದರೆ ಶ್ರುತಿ ಕದಲುತ್ತದೆ, ನಮ್ಮ ಮೈಯೇ ಕಂಡೆನ್ಸರಿನ ಭಾಗವಾಗಿಬಿಡುತ್ತದೆ.

ಕಟ್ಟುವವರಿಗೆ ತಲೆನೋವಾದ ಈ ಗುಣವನ್ನೇ ಜಪಾನಿನ ತೆತ್ಸುವೊ ಕೊಗಾವಾ ಕಲೆಯಾಗಿಸಿದರು. 1980ರ ದಶಕದಲ್ಲಿ ಟೋಕಿಯೊದಲ್ಲಿ, ಕೆಲವು ನೂರು ಮೀಟರಿಗೇ ನಿಲ್ಲುವ ಪುಟ್ಟ ಎಫ್‌ಎಂ ನಿಲಯಗಳ ಚಳವಳಿಗೆ ಬೆನ್ನೆಲುಬಾದವರು ಅವರು. ಮುಂದೆ ಪ್ರೇಕ್ಷಕರ ಎದುರೇ ಟ್ರಾನ್ಸ್‌ಮಿಟರ್ ಬೆಸೆದು, ಅದರ ಸುತ್ತ ಬರಿಗೈ ಆಡಿಸಿ ನಾದ ಹೊರಡಿಸಿದರು. ವಿಜಯಪುರದವರಿಗೆ ಇದು ಪರಕೀಯ ಎನಿಸಬೇಕಿಲ್ಲ. ಗೋಲಗುಮ್ಮಟದ ಏಳು ಅಂತಸ್ತನ್ನು ನಾವು ಹತ್ತುವುದೇ ದನಿ ಕೇಳಲಿಕ್ಕೆ.

ನಮ್ಮಲ್ಲಿ ಎಫ್‌ಎಂ ಪ್ರಸಾರಕ್ಕೆ ಪರವಾನಗಿ ಬೇಕೇ ಬೇಕು. ಸಮುದಾಯ ಬಾನುಲಿ ನೀತಿಯಂತೆ ವಿದ್ಯಾಸಂಸ್ಥೆಗಳೂ, ನೋಂದಣಿಯಾಗಿ ಮೂರು ವರ್ಷ ಕಳೆದ ಸೇವಾಸಂಸ್ಥೆಗಳೂ ಅರ್ಜಿ ಹಾಕಬಹುದು. ಸಾಮಾನ್ಯ ಮಿತಿ 100 ವ್ಯಾಟು, ಅಂದರೆ ವಿಠ್ಠಲ ವಿಹಾರದ ಮೂರು ಪಟ್ಟಿಗೂ ಹೆಚ್ಚು. ಸಿಂದಗಿ ತಾಲ್ಲೂಕಿನ ಕಾಲೇಜೊಂದು ಇದಕ್ಕೆ ಮುಂದಾಗಲಿ ಎಂಬುದು ನನ್ನ ಆಸೆ. ತಮ್ಮ ಕೈಯಾರೆ ಟ್ರಾನ್ಸ್‌ಮಿಟರ್ ಕಟ್ಟಬೇಕೆನ್ನುವ ಹುಡುಗ-ಹುಡುಗಿಯರಿಗೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರವಾನಗಿಯ ದಾರಿಯಿದೆ. 12 ವರ್ಷ ತುಂಬಿದ್ದರೆ ಪರೀಕ್ಷೆಗೆ ಕೂಡಬಹುದು.